ಒಬ್ಬನಿಗೆ ಬಹುವಚನ

"ಲೋ," ಅಂದ. ಕನ್ನಡಿಯೊಳಗಿನ ಬಾಯಿ ತೆರೆದು ಮುಚ್ಚಿತು. ಬಂದದ್ದು ಕರೆಯಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡವನು ಕ್ಯಾಕರಿಸಿದ ಸದ್ದು. ಅರ್ಧ ಗಲ್ಲಕ್ಕೆ ನೊರೆ ಮೆತ್ತಿಕೊಂಡಿತ್ತು, ರೇಜರು ಕೈಯಲ್ಲೇ ಇತ್ತು. "ಲೋ, ಬಾರೋ," ಅಂದ ಮತ್ತೊಮ್ಮೆ. ಈ ಸಲ ಬೇಕಾದ್ದಕ್ಕಿಂತ ಜೋರಾಯಿತು, ಅಡಿಗೆಮನೆಯಿಂದ ಹೆಂಡತಿ, "ಯಾರನ್ರೀ ಕರೀತಿದೀರಾ?" ಎಂದಳು. "ಯಾರನ್ನೂ ಇಲ್ಲ, ಸುಮ್ನೆ," ಅಂದ. ಸುಮ್ಮನೆಯಂತೆ! ಐವತ್ತೆರಡು ವರ್ಷದ ಗಂಡಸು, ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ನೀರಿನ ಮೀಟರು ರಿಪೇರಿ ಮಾಡಿ ಬೆನ್ನು ಬಗ್ಗಿಸಿಕೊಂಡವನು, ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಒಂದಕ್ಷರವನ್ನು ಉರು ಹೊಡೆಯುತ್ತಿದ್ದಾನೆ. ನಾಚಿಕೆಯಾಗಬೇಕು, ಆಯಿತು ಕೂಡ. ಆದರೆ ಇವತ್ತು, ಹೆಚ್ಚೆಂದರೆ ಹನ್ನೊಂದು ಗಂಟೆಯ ಟೀ ಹೊತ್ತಿಗೆ, ಆ ಅಕ್ಷರ ಜೊತೆ ಕೆಲಸದ ರೇಡಿಯೋನ ಮುಖ ನೋಡಿಕೊಂಡು ಬಾಯಿಂದ ಬರಲೇಬೇಕಿತ್ತು. ನಾಲ್ಕು ತಿಂಗಳ ಹಿಂದೆ ಅವನಿಂದ ಅದನ್ನು ಕಿತ್ತುಕೊಂಡವನು ತಾನೇ. ತಾನಲ್ಲದೆ ಬೇರೆ ಯಾರೂ ಅದನ್ನು ಹಿಂದಕ್ಕೆ ಕೊಡುವಂತಿರಲಿಲ್ಲ.

ಮೀಟರು ಕೋಣೆಯಲ್ಲಿ ಐದು ಜನ. ಮನೆಮನೆಗಳ ಕೆಟ್ಟ ಮೀಟರುಗಳು ಗೋಣಿಚೀಲದಲ್ಲಿ ಬಂದು ಬೀಳುತ್ತವೆ. ಮೇಸ್ತ್ರಿ ಬಿಚ್ಚುತ್ತಾನೆ. ಬಾಗಿಲ ಹತ್ತಿರದ ಬಾನಿಯಲ್ಲಿ ರೇಡಿಯೋ ಅವನ್ನು ಆಸಿಡ್ ಹಾಕಿದ ನೀರಲ್ಲಿ ನೆನೆಸಿ ಬ್ರಶ್ಶಿನಿಂದ ತಿಕ್ಕುತ್ತಾನೆ. ಹಲ್ಲುಚಕ್ರ ಕೂರಿಸಿ, ಮುಳ್ಳು ಹಾಕಿ, ಗಾಜು ಮುಚ್ಚುವುದು ತನ್ನ ಕೆಲಸ. ತೊಟ್ಟಿ ಎಂಬವನು ನೀರು ಬಿಟ್ಟು ಅಳತೆ ನೋಡುತ್ತಾನೆ. ಇಕ್ಕಳ ಎಂಬವನು ತಂತಿ ಸುತ್ತಿ ಸೀಸದ ಸೀಲು ಒತ್ತುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರುಗಳು ಹಾಜರಿ ಪುಸ್ತಕದಲ್ಲಷ್ಟೇ ಇದ್ದವು. ಕೋಣೆಯಲ್ಲಿ ಮಾಡುವ ಕೆಲಸವೇ ಹೆಸರು, ಅವನು ಮುಳ್ಳು. ರೇಡಿಯೋನದು ಮಾತ್ರ ಕೆಲಸದಿಂದ ಬಂದ ಹೆಸರಲ್ಲ, ಬಾಯಿಂದ ಬಂದದ್ದು. ಬೆಳಿಗ್ಗೆ ಶುರುವಾದರೆ ಸಂಜೆಗೇ ನಿಲ್ಲುತ್ತಿದ್ದದ್ದು. ಐವರಿಗೂ ಐವರೂ ಏಕವಚನ. ಮೇಸ್ತ್ರಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ, ಇಕ್ಕಳನಿಗೆ ಮೂವತ್ತೊಂದು, ಆದರೂ ಇಕ್ಕಳ ಮೇಸ್ತ್ರಿಗೆ "ಲೇ ಮುದಿಯಾ, ಕಣ್ಣು ಕಾಣಲ್ವೇನೋ" ಅನ್ನಬಹುದು. ಮಹಡಿ ಮೇಲಿನ ಗುಮಾಸ್ತರು ಬಾಗಿಲಲ್ಲಿ ಕಂಡರಂತೂ, ಅವರು ಹೌಹಾರಲಿ ಎಂದೇ ಇನ್ನೂ ಜೋರಾಗಿ ಬೈದುಕೊಳ್ಳುತ್ತಿದ್ದರು. ಮೇಲಿನವರು ಒಬ್ಬರಿಗೊಬ್ಬರು ನೀವು ತಾವು ಅಂದುಕೊಂಡು ಬೆನ್ನ ಹಿಂದೆ ಕತ್ತಿ ಮಸೆಯುವವರು, ನಾವು ಹಾಗಲ್ಲ ಎಂಬ ಹೆಮ್ಮೆ ಐವರಿಗೂ ಇತ್ತು.

ಶಿಕ್ಷೆಯೂ ಅದರಲ್ಲೇ ಇತ್ತು. ತಪ್ಪಿದವನನ್ನು ಬೈಯುತ್ತಿರಲಿಲ್ಲ, ಮಾತೂ ಬಿಡುತ್ತಿರಲಿಲ್ಲ. ಮರ್ಯಾದೆ ಕೊಡುತ್ತಿದ್ದರು. ಬನ್ನಿ, ಕೂತ್ಕೊಳ್ಳಿ, ನಿಮ್ಮ ಟೀ ಇಲ್ಲಿದೆ ನೋಡಿ. ಯಾರ ಹತ್ತಿರ ಹೋಗಿ ದೂರು ಹೇಳುವುದು? ಇವರೆಲ್ಲ ನನಗೆ ಮರ್ಯಾದೆ ಕೊಡ್ತಾರೆ ಸಾರ್, ಅನ್ನುವುದೇ? ಮೊದಲು "ನೀವು" ಅಂದವನೇ ಮೊದಲು "ಲೋ" ಅನ್ನಬೇಕು, ಉಳಿದವರು ಆಮೇಲೆ, ಇಷ್ಟೇ ಕಟ್ಟಳೆ. ಯಾರು ಮಾಡಿದ್ದೋ, ಯಾವಾಗ ಮಾಡಿದ್ದೋ. ಸಾಮಾನ್ಯವಾಗಿ ಎರಡು ದಿನ, ಮೂರು ದಿನ. ಅವನಿಗೂ ಒಮ್ಮೆ ಸಿಕ್ಕಿತ್ತು, ಕೆಲಸಕ್ಕೆ ಸೇರಿದ ಎರಡನೇ ವರ್ಷ, ಶಾಲೆಯಲ್ಲಿ ಜೊತೆಗಿದ್ದ ಗುಮಾಸ್ತನೊಬ್ಬನ ಜೊತೆ ಮಹಡಿ ಮೇಲೆ ಊಟಕ್ಕೆ ಕೂತ ತಪ್ಪಿಗೆ. ಮೂರನೇ ದಿನ ಸಂಜೆ ಮೇಸ್ತ್ರಿ, "ಲೇ ಮುಳ್ಳೇ, ಕಿವುಡಾ, ಬಾರೋ ಇಲ್ಲಿ" ಅಂದಾಗ ಹೊರಗಿನ ನಲ್ಲಿಗೆ ಹೋಗಿ ಮುಖ ಒಡ್ಡಿ ನಿಂತಿದ್ದ, ಅಳು ನೀರಿನ ಜೊತೆ ಹೋಗಲಿ ಎಂದು. ಇವರಿಗಾಗಿ ಪ್ರಾಣ ಬೇಕಾದರೂ ಕೊಟ್ಟೇನು ಅನ್ನಿಸಿತ್ತು. ಈಗ ಯೋಚಿಸಿದರೆ, ಆ ಮೂರು ದಿನ ಇಲ್ಲದಿದ್ದರೆ ಹಾಗೆ ಅನ್ನಿಸುತ್ತಲೇ ಇರಲಿಲ್ಲವೇನೋ.

ರೇಡಿಯೋ ಮಾಡಿದ್ದು ಏನು? ಎರಡು ಶಬ್ದ. ಹೊಸ ಅಧಿಕಾರಿ ಒಂದು ಮೀಟರನ್ನು ತಂದು ಮೇಜಿನ ಮೇಲೆ ಕುಕ್ಕಿದ್ದ. ಸೀಲು ಸರಿಯಾಗಿತ್ತು, ಗಾಜು ಸರಿಯಾಗಿತ್ತು, ಒಳಗೆ ಸಾವಿರ ಲೀಟರು ಎಣಿಸುವ ಮುಳ್ಳೇ ಇರಲಿಲ್ಲ. ಪರೀಕ್ಷೆ ಮಾಡುವಾಗ ತೊಟ್ಟಿ ನೋಡುವುದು ಲೀಟರಿನ ಮುಳ್ಳನ್ನು. ಸಾವಿರದ್ದನ್ನು ಯಾರೂ ನೋಡುವುದಿಲ್ಲ, ಹಾಕಿದವನು ಹಾಕಿರುತ್ತಾನೆ ಎಂಬ ನಂಬಿಕೆ. "ಯಾರು ಮಾಡಿದ್ದು ಇದನ್ನ?" ಎಂದ ಅಧಿಕಾರಿ. ಅದಕ್ಕೆ ಕೋಣೆಯ ಉತ್ತರ ಒಂದೇ. "ನಾವು ಸಾರ್," ಅಂದ ಮೇಸ್ತ್ರಿ. "ನಾವು ಸಾರ್," ಅಂದರು ತೊಟ್ಟಿ, ಇಕ್ಕಳ. ಎಲ್ಲರಿಗಿಂತ ಜೋರಾಗಿ ಅಂದವನು ತಾನೇ. ಬಾನಿಯಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡಿದ್ದ ರೇಡಿಯೋ ತಲೆಯೆತ್ತಿ, "ನಾನಲ್ಲ ಸಾರ್" ಅಂದುಬಿಟ್ಟ. ಏನು ಗ್ರಹಚಾರವೋ, ಬೇರೆ ಯಾವುದೋ ಯೋಚನೆಯಲ್ಲಿದ್ದನೋ. ಅಧಿಕಾರಿ ನಕ್ಕುಬಿಟ್ಟ. "ಹಾಗಾದ್ರೆ ನಾಲ್ಕೇ ಜನ ಅನ್ನಿ ನೀವು," ಎಂದು ಹೊರಟುಹೋದ. ಆಮೇಲೆ ಏನೂ ಆಗಲಿಲ್ಲ, ಒಂದು ಮೆಮೋ ಕೂಡ ಬರಲಿಲ್ಲ. ಆದರೆ ಅಧಿಕಾರಿಯ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಇನ್ನೂ ಕೇಳುತ್ತಿದ್ದ ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ತನ್ನ ಕಡೆ ಹೊರಳುತ್ತಿದ್ದದ್ದು ಅವನಿಗೆ ಗೊತ್ತಾಯಿತು. ಮುಳ್ಳು ಹಾಕುವವನು ಇನ್ಯಾರು? ಕಣ್ಣು ಬಂದು ತಲುಪುವ ಮೊದಲೇ ಅವನ ಬಾಯಿ ಆಡಿಬಿಟ್ಟಿತು: "ಆಯ್ತು ಬಿಡಿ. ನಿಮ್ಮ ಬಾನಿ ನೀವು ನೋಡ್ಕೊಳ್ಳಿ." ಕಣ್ಣುಗಳು ಅರ್ಧ ದಾರಿಯಲ್ಲೇ ತಿರುಗಿ ರೇಡಿಯೋನ ಮೇಲೆ ಹೋಗಿ ಕೂತವು. ಆಗ ಆದ ಹಗುರವನ್ನು ಅವನು ಯಾರಿಗೂ ಹೇಳಲಾರ. ಅವತ್ತು ಸಂಜೆ ಅಂಗಿ ಬಿಚ್ಚುವಾಗ ಜೇಬಿನ ಹೊಲಿಗೆಯಲ್ಲಿ ಬೆರಳಿಗೆ ಚುಚ್ಚಿದ್ದು ಆ ಮುಳ್ಳೇ, ಕಪ್ಪಗೆ, ಅಕ್ಕಿಕಾಳಿನಷ್ಟು ಉದ್ದಕ್ಕೆ. ಬೆಂಕಿಪೊಟ್ಟಣದಲ್ಲಿ ಹಾಕಿ ಕನ್ನಡಿಯ ಹಿಂದೆ ಇಟ್ಟ. ಎಸೆಯಲು ಧೈರ್ಯ ಬರಲಿಲ್ಲ, ತೋರಿಸಲು ಮೊದಲೇ ಇಲ್ಲ.

ಮೂರೇ ದಿನ ಅಂದುಕೊಂಡಿದ್ದ. ಮೂರನೇ ದಿನ ಮೇಸ್ತ್ರಿಯ ಮುಖ ನೋಡಿದ, ಒಪ್ಪಿಗೆಯ ಸುಳಿವಿಗೆ. ಕಟ್ಟಳೆಯಲ್ಲಿ ಇಲ್ಲದಿದ್ದರೂ ಮೇಸ್ತ್ರಿಯ ಮುಖ ನೋಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಮೇಸ್ತ್ರಿ ತೊಟ್ಟಿಯ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ. ಇವತ್ತು ಬೇಡ, ನಾಳೆ ಅಂದುಕೊಂಡ. ನಾಳೆಗಳು ಹೇಗೆ ನಾಲ್ಕು ತಿಂಗಳಾದವೋ. ಇಷ್ಟರಲ್ಲಿ ಕೋಣೆಗೆ ಕಳೆ ಬಂದಿತ್ತು. ಎರಡು ವರ್ಷದಿಂದ ಒಳಗೊಳಗೇ ಮುನಿಸಿಕೊಂಡಿದ್ದ ತೊಟ್ಟಿ ಮತ್ತು ಇಕ್ಕಳ ಈಗ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. "ದಯವಿಟ್ಟು ಆ ಬ್ರಶ್ಶು ಕೊಡ್ತೀರಾ?" ಎಂದು ಇಕ್ಕಳ ಕೈ ಮುಗಿದು ರೇಡಿಯೋನನ್ನು ಕೇಳಿದರೆ ಮೂವರೂ ಮೇಜಿನ ಕೆಳಗೆ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಿದ್ದರು. ಅವನ ಕಾಲನ್ನೂ ಯಾರಾದರೂ ತುಳಿಯುತ್ತಿದ್ದರು. ತುಳಿದಾಗ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. "ಈ ವರ್ಷ ಕೋಣೆ ಚೆನ್ನಾಗಿದೆ ಕಣ್ರೋ," ಎಂದ ಮೇಸ್ತ್ರಿ ಒಂದು ದಿನ. ರೇಡಿಯೋ ಮೊದಲ ವಾರ ತಮಾಷೆ ಮಾಡಿದ, "ಸಾಕು ಬಿಡ್ರೋ" ಅಂದ, ಒಂದು ದಿನ ಸಿಟ್ಟಿಗೆದ್ದು ಎಲ್ಲರಿಗೂ ಹೆಸರು ಹಿಡಿದು ಬೈದ. "ಹೇಳಿ, ಏನಾಗಬೇಕಿತ್ತು?" ಎಂದರು ಎಲ್ಲರೂ ವಿನಯದಿಂದ. ಆಮೇಲೆ ಅವನೂ ನೀವು ಅನ್ನತೊಡಗಿದ. ಆಮೇಲೆ ಅದನ್ನೂ ಬಿಟ್ಟ. ಈಗ ಬಾಗಿಲ ಕಡೆಯಿಂದ ಬ್ರಶ್ಶಿನ ಸದ್ದು ಮಾತ್ರ ಬರುತ್ತಿತ್ತು.

ನಿನ್ನೆ ಸಂಜೆ ಮಾತ್ರೆ ಅಂಗಡಿಯ ಮುಂದೆ ರೇಡಿಯೋನ ಹೆಂಡತಿ ಸಿಕ್ಕಿದಳು. ಅವನು ಕಣ್ಣು ತಪ್ಪಿಸಿ ಹೋಗುವವನಿದ್ದ, ಅವಳೇ "ಅಣ್ಣಾ" ಎಂದು ಕರೆದು ನಿಲ್ಲಿಸಿದಳು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ, "ಹೇಗೆ ಕೇಳೋದೋ ಗೊತ್ತಾಗ್ತಿಲ್ಲ," ಎಂದಳು.

"ಕೇಳಮ್ಮ, ಅದಕ್ಕೇನಂತೆ."

"ಅವರು ಮನೇಲಿ ನನಗೆ ನೀವು ಅಂತಾರೆ ಅಣ್ಣಾ. ಎರಡು ತಿಂಗಳಾಯ್ತು. ಬನ್ನಿ, ಕೂತ್ಕೊಳ್ಳಿ, ನಿಮ್ಮದು ಊಟ ಆಯ್ತಾ... ಮೊದಲು ತಮಾಷೆಗೆ ಅಂದ್ಕೊಂಡೆ. ಮಗೂಗೂ ಹಾಗೇ. ಅದು ಅಪ್ಪ ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾನೆ ಅಂತ ಅಳತ್ತೆ. ಮೊನ್ನೆ ಬೀದಿ ನಾಯಿಗೆ, ದಾರಿ ಬಿಡಿ ಅಂದ್ರಂತೆ." ನಗಬೇಕೋ ಬೇಡವೋ ಗೊತ್ತಾಗದೆ ಅವಳು ಅವನ ಮುಖವನ್ನೇ ನೋಡಿದಳು. "ಕೆಲಸದ ಕಡೆ ಏನಾದ್ರೂ ಆಗಿದೆಯಾ? ನಿಮ್ಮನ್ನ ಬಿಟ್ರೆ ನನಗೆ ಬೇರೆ ಯಾರನ್ನ ಕೇಳೋಕೆ ಗೊತ್ತು?"

"ಏನೂ ಇಲ್ಲಮ್ಮ," ಅಂದ. "ಅಲ್ಲಿ ಎಲ್ಲರೂ ಅವನಿಗೆ ತುಂಬಾ ಮರ್ಯಾದೆ ಕೊಡ್ತೀವಿ."

"ಹೌದಾ?" ಅವಳ ಮುಖ ಸಡಿಲವಾಯಿತು. "ಅದೇ ಅಭ್ಯಾಸ ಆಗಿಬಿಟ್ಟಿದೆ ಅನ್ಸತ್ತೆ ಹಾಗಾದ್ರೆ. ನಾನೊಬ್ಬಳು, ಏನೇನೋ ಅಂದ್ಕೊಂಡೆ." ನಗುತ್ತ ಹೋದಳು. ಅವನು ಮಾತ್ರೆಯ ಚೀಟಿ ಹಿಡಿದುಕೊಂಡು, ಅಂಗಡಿಯವನು ಎರಡು ಸಲ ಕೇಳುವವರೆಗೂ ಹಾಗೇ ನಿಂತಿದ್ದ. ಆ ಮಾತನ್ನು ಹೇಳಿದ್ದು ತಾನೇ ಎಂದು ನಂಬಲು ಆಗಲಿಲ್ಲ. ಸುಳ್ಳು ಕೂಡ ಅಲ್ಲ ಅದು, ಥೂ.

ಇವತ್ತು ನಡೆದೇ ಹೊರಟ, ಬಸ್ಸು ಹತ್ತಿದರೆ ಬೇಗ ತಲುಪುತ್ತೇನೆಂದು. ಕಬ್ಬಿಣದ ಅಂಗಡಿ, ಸೈಕಲ್ ರಿಪೇರಿಯವನು, ಆಸ್ಪತ್ರೆಯ ಉದ್ದನೆಯ ಗೋಡೆ. ಆ ಗೋಡೆಯ ಹಿಂದೆಯೇ ಅಕ್ಕ ಹೋದದ್ದು, ಹನ್ನೊಂದು ತಿಂಗಳ ಹಿಂದೆ. "ಬಂದ್ಯೇನೋ? ತಲೆ ಒರೆಸಿಕೊಳ್ಳೋ, ನೆಗಡಿಯಾಗತ್ತೆ," ಅಂದಿದ್ದಳು ಅಷ್ಟು ಕ್ಷೀಣ ಸ್ವರದಲ್ಲೂ. ಹಾಗೆ ಅನ್ನುವವರು ಈಗ ಯಾರಿದ್ದಾರೆ? ಅಮ್ಮ ಇಲ್ಲ, ಅಕ್ಕ ಇಲ್ಲ. ಹೆಂಡತಿ ಮದುವೆಯಾದ ದಿನದಿಂದ ನೀವು. ಮಗಳಿಗೂ ಅವಳೇ ಕಲಿಸಿದಳು, ಅಪ್ಪಂಗೆ ಬನ್ನಿ ಹೋಗಿ ಅನ್ನಬೇಕು ಎಂದು. ಆಗ ಅವನಿಗೆ ಎಷ್ಟು ಹೆಮ್ಮೆಯಾಗಿತ್ತು. ಬಸ್ಸಿನವನು, ಡಾಕ್ಟರು, ಬಾಡಿಗೆಮನೆಯ ಯಜಮಾನ, ಎಲ್ಲರೂ ನೀವು. ತಲೆ ನರೆತವನಿಗೆ ಜಗತ್ತೇ ಮರ್ಯಾದೆ ಕೊಡುತ್ತದೆ. ಇನ್ನು ಈ ಭೂಮಿಯ ಮೇಲೆ ಅವನನ್ನು ನೀನು ಅನ್ನುವ ಬಾಯಿಗಳಿದ್ದರೆ ಆ ಕೋಣೆಯಲ್ಲಿ ಮೂರು. ಮೇಸ್ತ್ರಿಯ ಒಪ್ಪಿಗೆಯಿಲ್ಲದೆ ರೇಡಿಯೋನನ್ನು ಕರೆದರೆ ಆ ಮೂರೂ ಹೋಗಬಹುದು. ಅಷ್ಟೇ ತಾನೇ ಎಂದು ಧೈರ್ಯ ಹೇಳಿಕೊಂಡ, ಆದರೂ ನಡಿಗೆ ನಿಧಾನವಾಯಿತು.

"ಲೇ ಮುಳ್ಳೇ, ಮಲಗಿಬಿಟ್ಟಿದ್ಯೇನೋ?" ಎಂದ ತೊಟ್ಟಿ ಬಾಗಿಲಲ್ಲೇ. ಎಷ್ಟು ಇಂಪಾಗಿ ಕೇಳಿಸಿತು ಅದು! ರೇಡಿಯೋ ಆಗಲೇ ಬಾನಿಯ ಮುಂದೆ ಕೂತಿದ್ದ. ಕುತ್ತಿಗೆಯ ಹಿಂದೆ ಕೂದಲು ಬೆಳೆದು ಕಾಲರಿನೊಳಗೆ ಹೋಗಿತ್ತು. ಈಗ ಅನ್ನಬೇಕು, ದಾಟಿ ಹೋಗುವಾಗ, ಬೆನ್ನಿಗೊಂದು ಗುದ್ದಿ. ದಾಟಿ ಹೋದ. ತೊಳೆದ ಮೀಟರುಗಳ ತಟ್ಟೆ ತರಲು ಎದ್ದಾಗ ಅನ್ನಬೇಕು. ರೇಡಿಯೋ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ, ಆಸಿಡ್ಡಿಗೆ ಬೆರಳ ತುದಿ ಬೆಳ್ಳಗೆ ಸುಲಿದಿತ್ತು, ಕೈಗವಸು ಹಾಕಿಕೊಳ್ಳೋ ಕತ್ತೆ ಎಂದು ಹಿಂದೆಲ್ಲ ಯಾರಾದರೂ ಬೈಯುತ್ತಿದ್ದರು. "ಥ್ಯಾಂಕ್ಸ್," ಅಂದ ಅವನು, ಲೋ ಅನ್ನುವ ಬದಲು. ಜಾಗಕ್ಕೆ ಬಂದು ಕೂತು ಮೊದಲ ಮೀಟರಿಗೆ ಸಾವಿರದ ಮುಳ್ಳು ಹಾಕಿದ, ಹಾಕಿದೆನೇ ಎಂದು ಮೂರು ಸಲ ನೋಡಿದ. ಈ ನಾಲ್ಕು ತಿಂಗಳಲ್ಲಿ ಅವನು ಒಂದು ಮುಳ್ಳನ್ನೂ ಮರೆತಿರಲಿಲ್ಲ.

ಹನ್ನೊಂದಕ್ಕೆ ಟೀ ಬಂತು. ಐದು ಲೋಟ. ನಾಲ್ಕನ್ನು ಮೇಜಿನ ಮೇಲಿಟ್ಟು, ಐದನೆಯದಕ್ಕೆ ತಟ್ಟೆ ಮುಚ್ಚಿ ಕಿಟಕಿಯ ಮೇಲೆ ಪ್ರತ್ಯೇಕ ಇಡುವುದು ಇಕ್ಕಳನ ಹೊಸ ಉಪಚಾರ. ಅವನು ಎದ್ದ. ಮೊಣಕಾಲು ಮೇಜಿಗೆ ತಾಗಿ ಲೋಟಗಳು ತುಳುಕಿದವು. ಆ ಐದನೆಯ ಲೋಟವನ್ನು ಕಿಟಕಿಯಿಂದ ತೆಗೆದು ಮೇಜಿನ ಮೇಲೆ, ಉಳಿದ ನಾಲ್ಕರ ಪಕ್ಕ ಇಟ್ಟ. "ಲೋ," ಅಂದ. ಬಂತು, ಬೆಳಿಗ್ಗೆಗಿಂತ ಚೆನ್ನಾಗಿಯೇ ಬಂತು. "ಲೋ ರೇಡಿಯೋ, ಬಾರೋ. ಟೀ ಆರಿಹೋಗತ್ತೆ."

ತೊಟ್ಟಿ ನಲ್ಲಿ ನಿಲ್ಲಿಸಿದ. ಇಕ್ಕಳ ಮೇಸ್ತ್ರಿಯ ಕಡೆ ನೋಡಿದ, ಮೇಸ್ತ್ರಿ ತನ್ನ ಲೋಟದೊಳಗೆ ನೋಡಿದ. ಬಾನಿಯ ಮುಂದೆ ಬ್ರಶ್ಶಿನ ಸದ್ದು ನಿಂತಿತು. ರೇಡಿಯೋ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸಂಬಂಧಿಕರ ಮನೆಗೆ ಮೊದಲ ಸಲ ಬಂದವನ ನಡಿಗೆಯಲ್ಲಿ ಮೇಜಿನ ಹತ್ತಿರ ಬಂದ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಕೊನೆಗೆ ಅವನ ಮುಖ.

"ಪರವಾಗಿಲ್ಲ," ಎಂದ ರೇಡಿಯೋ. ಸ್ವರ ತುಕ್ಕು ಹಿಡಿದಿತ್ತು. "ನೀವು ಮೊದಲು ತಗೊಳ್ಳಿ."

ನಗು ತಡೆಯಲಾರದೆ ಇಕ್ಕಳನಿಗೆ ಮೂಗಿನಲ್ಲಿ ಟೀ ಬಂತು. ತೊಟ್ಟಿ ಮೇಜು ಗುದ್ದಿದ. ಮೇಸ್ತ್ರಿಯ ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಲೇ ರೇಡಿಯೋ! ಬಾಯಿ ಬಂತೇನೋ ನಿಂಗೆ! ಹಾಕಿದ ನೋಡ್ರೋ ಬಡ್ಡಿಮಗ, ಮುಳ್ಳಿಗೇ ಹಾಕಿದ!" ಎಂದು ರೇಡಿಯೋನ ಕತ್ತಿಗೆ ಕೈ ಹಾಕಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. ಕಟ್ಟಳೆಯ ಪ್ರಕಾರವೇ ಎಲ್ಲವೂ ಆಗಿತ್ತು. "ನೀವು" ಹಾಕಿದವನು "ಲೋ" ಅಂದಿದ್ದ. ಹೊಸ "ನೀವು" ಒಂದನ್ನು ರೇಡಿಯೋ ಅಂದಿದ್ದ, ಇನ್ನು ಮೊದಲು "ಲೋ" ಅನ್ನಬೇಕಾದವನೂ ರೇಡಿಯೋನೇ. ಅವನು ರೇಡಿಯೋನ ಕಣ್ಣನ್ನೇ ನೋಡುತ್ತ ನಿಂತಿದ್ದ, ಅಲ್ಲಿ ಸೇಡಿದೆಯೇ, ತಮಾಷೆಯಿದೆಯೇ ಎಂದು. ಒಂದು ಕ್ಷಣ ಏನೂ ಇರಲಿಲ್ಲ, ಗಾಬರಿ ಇತ್ತು ಅಷ್ಟೇ. ಹೆಂಡತಿಗೆ, ಮಗುವಿಗೆ, ನಾಯಿಗೆ ಅಂದಂತೆ ಅಭ್ಯಾಸಬಲದಿಂದ ಅಂದದ್ದು ಅದು, ಬಾಯಿಗೆ ಬೇರೆ ಮಾತು ಮರೆತೇ ಹೋಗಿತ್ತು. ಆದರೆ ಸುತ್ತ ನಗು ಏಳುತ್ತಿದ್ದಂತೆ, ಹೆಗಲ ಮೇಲೆ ಮೇಸ್ತ್ರಿಯ ಕೈಯ ಭಾರ ಬೀಳುತ್ತಿದ್ದಂತೆ, ರೇಡಿಯೋನಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ತಿಳಿದ ಮೇಲೆ ಅವನು ಆ ಮಾತನ್ನು ತಿದ್ದಲಿಲ್ಲ. ಲೋಟ ತೆಗೆದುಕೊಂಡು ಕುಡಿದ.

"ಕೂತ್ಕೊಳ್ಳಿ," ಎಂದ ತೊಟ್ಟಿ ಸ್ಟೂಲನ್ನು ಮುಳ್ಳಿನ ಕಡೆ ಸರಿಸಿ. "ಯಾಕೆ ನಿಂತೇ ಇದೀರಾ?"

ಅದಾದ ಮೇಲೆ ರೇಡಿಯೋ ನಿಲ್ಲಲಿಲ್ಲ. ನಾಲ್ಕು ತಿಂಗಳ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು, ಬಸ್ಸಿನಲ್ಲಿ ನಡೆದದ್ದು, ಪಕ್ಕದ ಮನೆಯವರ ಜಗಳ, ಮಗುವಿಗೆ ಹಲ್ಲು ಬಿದ್ದದ್ದು. ಮಧ್ಯೆ ಮಧ್ಯೆ ಸ್ವರ ಒಡೆದರೆ ಕೆಮ್ಮಿ ಮುಂದುವರಿಸುತ್ತಿದ್ದ. "ಸಾಕು ಮುಚ್ಚೋ" ಎಂದು ಮೂವರೂ ಬೈದರು, ಬೈದಷ್ಟೂ ಅವನ ಮುಖ ಅರಳಿತು. ಒಂದೇ ಒಂದು ಸಲ ಅವನು ಮುಳ್ಳಿನ ಮೇಜಿನವರೆಗೆ ಬಂದು ತೊಳೆದ ತಟ್ಟೆ ಇಟ್ಟು, ಏನೋ ಹೇಳುವವನಂತೆ ನಿಂತ. ಸಂಜೆ ನಲ್ಲಿಯ ಹತ್ತಿರ ಸಿಕ್ಕು ಒಂದು ಲೋ ಹೇಳುತ್ತಾನೇನೋ. ಮೂರು ದಿನದಲ್ಲಿ ಹೇಳುತ್ತಾನೇನೋ. "ಲೇ ರೇಡಿಯೋ, ಅಲ್ಲೇನೋ ಮಾಡ್ತಿದೀಯಾ?" ಎಂದು ಮೇಸ್ತ್ರಿ ಕೂಗಿದ. "ಬಂದೆ ಕಣೋ," ಎಂದು ರೇಡಿಯೋ ಓಡಿದ. ಓಡಿದ್ದು ನೋಡಿ ಅವನಿಗೆ ಗೊತ್ತಾಯಿತು, ಮೂರು ದಿನದಲ್ಲೂ ಆಗುವುದಿಲ್ಲ, ನಾಲ್ಕು ತಿಂಗಳಲ್ಲೂ ಆಗುವುದಿಲ್ಲ ಎಂದು. ತಾನಾಗಿದ್ದರೂ ಹಾಗೇ ಓಡುತ್ತಿದ್ದ. ಓಡಿದ್ದ ಕೂಡ. ಬೆಂಕಿಪೊಟ್ಟಣ ತಂದು ಮೇಜಿನ ಮೇಲೆ ಸುರಿದು, ತಪ್ಪು ನನ್ನದು ಕಣ್ರೋ ಅಂದರೆ ಏನಾದೀತು ಎಂದು ಯೋಚಿಸಿದ. "ಪರವಾಗಿಲ್ಲ ಬಿಡಿ, ನಿಮ್ಮಂಥವರಿಂದ ತಪ್ಪಾಗುತ್ತದೆಯೇ," ಅನ್ನುತ್ತಾರೆ, ಅಷ್ಟೇ. ಗಂಟೆ ಹೊಡೆದಾಗ ನಾಲ್ವರೂ ಒಟ್ಟಿಗೆ ಬಾಗಿಲವರೆಗೆ ಹೋಗಿ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. "ಬಂದ್ರಾ?" ಎಂದಳು ಹೆಂಡತಿ. ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದಳು. ಒಳಗೆ ಮಗಳು ಯಾರೊಂದಿಗೋ ಫೋನಿನಲ್ಲಿ ಲೇ, ಹೋಗೇ, ಎಂದು ನಗುತ್ತಿದ್ದಳು. ಅವನು ಚಪ್ಪಲಿ ಬಿಡದೆ ಹೊಸ್ತಿಲ ಹತ್ತಿರವೇ ಕುಕ್ಕರಿಸಿದ.

"ನನ್ನ ಒಂದ್ಸಲ ನೀನು ಅನ್ನೇ," ಅಂದ.

"ಏನು?"

"ನೀನು ಅನ್ನು. ಬೇಕಾದ್ರೆ ಬಾರೋ ಅನ್ನು. ಒಂದೇ ಸಲ."

ಅವಳು ನಕ್ಕು, ಮಗಳಿಗೆ ಕೇಳಿಸಿತೇನೋ ಎಂದು ಒಳಗೆ ಇಣುಕಿದಳು. "ಥೂ ಹೋಗ್ರೀ. ಇಪ್ಪತ್ನಾಲ್ಕು ವರ್ಷದಿಂದ ಅಂದಿಲ್ಲ, ಈಗ ಎಲ್ಲಿಂದ ಬರಬೇಕು? ಬಿಸಿಲಲ್ಲಿ ನಡ್ಕೊಂಡು ಬಂದ್ರಾ ಏನು?" ಆಮೇಲೆ ಅವನ ಮುಖ ನೋಡಿದಳು. ಕೈಯಲ್ಲಿದ್ದ ಅಂಗಿ ಕೆಳಗಿಟ್ಟು ಹತ್ತಿರ ಬಂದು, ಅವನ ಎದುರು ತಾನೂ ನೆಲದ ಮೇಲೆ ಕೂತಳು. ಹಣೆ ಮುಟ್ಟಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಅವಳ ಕತ್ತಿನ ನರ ಅಲುಗುವುದನ್ನು ಅವನು ನೋಡಿದ. ಅವಳಿಗೂ ಅದು ಅಷ್ಟೇ ಕಷ್ಟವಾಗುತ್ತಿತ್ತು, ಅವನಿಗೋಸ್ಕರ ನಿಜವಾಗಿಯೂ ಪ್ರಯತ್ನಪಡುತ್ತಿದ್ದಳು.

"ನೀ," ಎಂದಳು. ಮಾತು ಅಲ್ಲೇ ನಿಂತಿತು. ಅವನು ಕಾದ. ಅವಳ ಕಣ್ಣು ತುಂಬಿತು.

"...ವು ಕೈಕಾಲು ತೊಳ್ಕೊಂಡು ಬನ್ನಿ," ಎಂದಳು.